ಜಂತಿನ ಔಷಧಿ ಕುಡಿಸುವ ಮೊದಲು ಆಡಿನ ಕಣ್ಣು ನೋಡಿ

ಮಿರಗದ ಮಳೆ ಹಿಡಿಯಿತೆಂದರೆ ಹಾನಗಲ್, ಶಿಗ್ಗಾವಿ ಕಡೆ ಬದುವಿನ ತುಂಬ ಎಳೆ ಹುಲ್ಲು. ಜಂತಿನ ಮರಿಹುಳುಗಳು ಇರುವುದೂ ಅದೇ ಹುಲ್ಲಿನ ಬುಡದಲ್ಲಿ. ಶ್ರಾವಣದ ಹೊತ್ತಿಗೆ ಒಂದೆರಡು ಆಡು ಮಂದೆಯಿಂದ ಹಿಂದೆ ಬೀಳುತ್ತವೆ, ಗದ್ದದ ಕೆಳಗೆ ನೀರು ತುಂಬಿದ ಹಾಗೆ ಬಾವು ಬರುತ್ತದೆ. ‘ಹಿಕ್ಕೆ ಗಟ್ಟಿಯಾಗೇ ಇದೆಯಲ್ಲ, ಜಂತು ಹೆಂಗಾದೀತು?’ ಅನ್ನುವವರೇ ಜಾಸ್ತಿ. ಆದರೆ ಹಿಮಾಂಕಸ್ ಎಂಬ ಈ ಹುಳು ಸಾಮಾನ್ಯವಾಗಿ ಭೇದಿ ಮಾಡಿಸುವುದಿಲ್ಲ. ನಾಲ್ಕನೇ ಹೊಟ್ಟೆಯಲ್ಲಿ ಕೂತು ರಕ್ತ ಹೀರುತ್ತದೆ. ಒಂದು ಹುಳು ದಿನಕ್ಕೆ ಹೀರುವುದು ಸುಮಾರು 0.05 ಮಿಲಿ. ಅಂಥವು 5,000 ಇದ್ದರೆ ಕಾಲು ಲೀಟರ್! 25 ಕೆಜಿ ಆಡಿನ ಮೈಯಲ್ಲಿ ಇರುವ ರಕ್ತವೇ ಎರಡು ಲೀಟರ್ ಒಳಗೆ.

ರಕ್ತ ಕಡಿಮೆಯಾದರೆ ಕೆಳರೆಪ್ಪೆಯ ಒಳಪದರ ಬಿಳಚುತ್ತದೆ, ಹಾಗಾಗಿ ಮೊದಲು ಕಣ್ಣು. ಆಡನ್ನು ದೊಡ್ಡಿಯಿಂದ ಬಿಸಿಲಿಗೆ ತನ್ನಿ, ಒಬ್ಬರು ಹಿಡಿದುಕೊಳ್ಳಲಿ. ಒಂದು ಹೆಬ್ಬೆರಳಿನಿಂದ ಮೇಲಿನ ರೆಪ್ಪೆ ಮುಚ್ಚಿ, ಅದರ ಮೇಲಿಂದಲೇ ಕಣ್ಣುಗುಡ್ಡೆಯನ್ನು ಮೆಲ್ಲಗೆ ಒಳಕ್ಕೆ ಒತ್ತಿ. ಇನ್ನೊಂದು ಹೆಬ್ಬೆರಳಿನಿಂದ ಕೆಳರೆಪ್ಪೆ ಎಳೆಯಿರಿ. ಒಳಪದರ ಉಬ್ಬಿ ಹೊರಗೆ ಕಾಣುತ್ತದೆ. ಬಣ್ಣ ತಕ್ಷಣ ನೋಡಿ. ಹಿಡಿದುಕೊಂಡೇ ಇದ್ದರೆ ಅದು ಕೆಂಪಾಗಿ ಮೋಸ ಮಾಡುತ್ತದೆ. ಎರಡೂ ಕಣ್ಣು ನೋಡಿ, ಹೆಚ್ಚು ಬಿಳಚಿದ್ದನ್ನೇ ಲೆಕ್ಕಕ್ಕೆ ಹಿಡಿಯಿರಿ.

ದಕ್ಷಿಣ ಆಫ್ರಿಕಾದಲ್ಲಿ ತಯಾರಾದ ಫಮಾಚಾ ಬಣ್ಣದ ಪಟ್ಟಿಯಲ್ಲಿ ಕಡುಗೆಂಪಿಗೆ 1, ಪೂರ್ತಿ ಬಿಳುಪಿಗೆ 5 ಅಂಕ. 4, 5 ಬಂದರೆ ಔಷಧಿ ಬೇಕೇ ಬೇಕು. 3 ಬಂದದ್ದು ಮರಿ, ಗಬ್ಬದ ಆಡು ಅಥವಾ ಮೊಲೆಯೂಡುವ ಆಡಾಗಿದ್ದರೆ ಅದಕ್ಕೂ ಕುಡಿಸಿ. ಉಳಿದವನ್ನು ಬಿಟ್ಟುಬಿಡಿ. ಇಡೀ ಮಂದೆಗೆ ಪದೇ ಪದೇ ಕುಡಿಸಿದರೆ ಔಷಧಿಗೆ ಬಗ್ಗದ ಹುಳುಗಳೇ ಉಳಿದು ಸಂತಾನ ಬೆಳೆಸುತ್ತವೆ. ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆಯಾದರೂ ಈ ತಪಾಸಣೆ ನಡೆಯಲಿ.

ಇನ್ನು ಅಳತೆ. ‘ಎಲ್ಲಕ್ಕೂ ಒಂದೊಂದು ಮುಚ್ಚಳ’ ಅನ್ನುವುದು ಬೇಡ. ಮನೆಯಲ್ಲಿ ಕಾಟಾ ಇದ್ದರೆ ಆಡನ್ನು ಎತ್ತಿಕೊಂಡು ನಿಂತು, ನಿಮ್ಮ ತೂಕ ಕಳೆಯಿರಿ. ಆಡಿನ ಮೈ ಕೆಲವು ಔಷಧಿಗಳನ್ನು ಕುರಿಗಿಂತ ಬೇಗ ಕರಗಿಸಿಬಿಡುತ್ತದೆ, ಆದ್ದರಿಂದ ಕುರಿಯ ಅಳತೆ ಅದಕ್ಕೆ ಸಾಲುವುದಿಲ್ಲ. ಹಾಗಂತ ಸುಮ್ನೆ ಎರಡು ಪಟ್ಟು ಕುಡಿಸಬೇಡಿ. ಲೆವಾಮಿಸೋಲ್‌ನಂಥದ್ದು ಹೆಚ್ಚಾದರೆ ವಿಷ. ಹೊಸದಾಗಿ ಗಬ್ಬ ಕಟ್ಟಿದ ಆಡಿಗೆ ಆಲ್ಬೆಂಡಜೋಲ್ ಕೊಡುವಂತಿಲ್ಲ. ಅಳತೆಯನ್ನು ಪಶು ವೈದ್ಯರಿಂದಲೇ ಬರೆಸಿಕೊಳ್ಳಿ. ಕುಡಿಸುವಾಗ ತಲೆ ಮೇಲಕ್ಕೆ ಎತ್ತಿ ಹಿಡಿಯಬಾರದು, ಔಷಧಿ ಶ್ವಾಸಕೋಶಕ್ಕೆ ಇಳಿದೀತು. ಬಾಯಿಯ ಮೂಲೆಯಿಂದ ನಾಲಿಗೆಯ ಬುಡಕ್ಕೆ ನಿಧಾನವಾಗಿ ಬಿಡಿ.

ಎರಡು ವಾರವಾದರೂ ಬಣ್ಣ ತಿರುಗದಿದ್ದರೆ ಹೊಸ ಹಿಕ್ಕೆ ಕಟ್ಟಿಕೊಂಡು ಪಶು ಆಸ್ಪತ್ರೆಗೆ ಹೋಗಿ. ಅಲ್ಲಿ ಸೂಕ್ಷ್ಮದರ್ಶಕದಲ್ಲಿ ಜಂತಿನ ತತ್ತಿ ನೋಡುತ್ತಾರೆ. ಕಣ್ಣು ಬಿಳಚಲು ಮೈಗೆ ಕಚ್ಚಿಕೊಂಡು ರಕ್ತ ಹೀರುವ ಉಣ್ಣಿಯೂ ಕಾರಣವಾಗಬಹುದು. ಗದ್ದೆ, ಕೆರೆ ಕಡೆ ಮೇಯುವ ಆಡಿಗೆ ಬಸವನಹುಳುವಿನಿಂದ ಹರಡುವ ಪಿತ್ತಜನಕಾಂಗದ (ಲಿವರ್) ಹುಳುವೂ ಇರಬಹುದು, ಅದಕ್ಕೆ ಬೇರೆ ಔಷಧಿ.

ಮೇಯಿಸುವುದರಲ್ಲಿ ಒಂದೇ ಮಾತು: ಬಾಯಿ ನೆಲಕ್ಕೆ ತಾಗದಿರಲಿ. ಮರಿಹುಳು ಹೆಚ್ಚಿರುವುದು ಹುಲ್ಲಿನ ಕೆಳಗಿನ ನಾಲ್ಕು ಬೆರಳಿನಷ್ಟರಲ್ಲಿ. ಜಾಲಿ, ಸುಬಾಬುಲ್ ಟೊಂಗೆ ಕಡಿದು ದೊಡ್ಡಿಯಲ್ಲಿ ಎತ್ತರಕ್ಕೆ ಕಟ್ಟಿ. ಆಡಿಗೂ ಅದೇ ಇಷ್ಟ.

ರೆಪ್ಪೆ ಪೂರ್ತಿ ಬೆಳ್ಳಗಾದ ಆಡನ್ನು ಆಸ್ಪತ್ರೆಗೆ ಅಂತ ನಡೆಸಿಕೊಂಡು ಹೋಗಬೇಡಿ, ದಾರಿಯಲ್ಲೇ ಕುಸಿದು ಬಿದ್ದೀತು. ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿ, ವೈದ್ಯರು ಬರುವ ತನಕ ನೆರಳಲ್ಲಿ ಕಟ್ಟಿ, ಮುಂದೆ ನೀರು, ಸೊಪ್ಪು ಇಡಿ.