ಎಐ ಏಜೆಂಟ್‌ಗೆ ಅರ್ಥವಾಗುವಂತೆ ಟೂಲ್ ವಿವರಣೆ ಬರೆಯುವುದು ಹೇಗೆ?

ನೀವು ಮಾಡಿದ ಟೂಲ್ ಅನ್ನು, ಅಂದರೆ ಒಂದು ನಿರ್ದಿಷ್ಟ ಕೆಲಸ ಮಾಡುವ ಪ್ರೋಗ್ರಾಂ ಅನ್ನು, ಸಹೋದ್ಯೋಗಿಯೊಬ್ಬರು ಬಳಸುವಾಗ ಡಾಕ್ಯುಮೆಂಟೇಶನ್ ಅರ್ಧಂಬರ್ಧ ಇದ್ದರೂ ಹೇಗೋ ನಡೆಯುತ್ತದೆ. ಗೊತ್ತಾಗದಿದ್ದರೆ ಅವರು ನಿಮ್ಮನ್ನೇ ಕೇಳುತ್ತಾರೆ, ಇಲ್ಲವೇ ಕೋಡ್ ತೆರೆದು ನೋಡುತ್ತಾರೆ. ಎಐ ಏಜೆಂಟ್‌ಗೆ, ಅಂದರೆ ಟೂಲ್‌ಗಳನ್ನು ತಾನೇ ಆರಿಸಿ ಬಳಸುವ ಎಐಗೆ, ಸಾಮಾನ್ಯವಾಗಿ ಈ ಅನುಕೂಲ ಇರುವುದಿಲ್ಲ. ಅದರ ಕಣ್ಣಿಗೆ ಬೀಳುವುದು ಟೂಲ್‌ನ ಹೆಸರು, ವಿವರಣೆ ಮತ್ತು ಪ್ಯಾರಾಮೀಟರ್‌ಗಳ (ಟೂಲ್‌ಗೆ ಕೊಡಬೇಕಾದ ಮಾಹಿತಿಗಳ) ಪಟ್ಟಿ ಮಾತ್ರ. ನೀವು ಬರೆಯದೆ ಬಿಟ್ಟದ್ದನ್ನು ಅದು ಊಹಿಸಿಕೊಂಡು ಮುಂದೆ ಹೋಗುತ್ತದೆ.

ಓಪನ್‌ಎಐ 2023ರ ಜೂನ್‌ನಲ್ಲಿ ತನ್ನ ಎಪಿಐಗೆ ತಂದ ಫಂಕ್ಷನ್ ಕಾಲಿಂಗ್ (ಎಐ ಮಾಡೆಲ್ ಟೂಲ್ ಬಳಸಲು ಕೇಳುವ ವಿಧಾನ) ಇರಲಿ, ಆಂಥ್ರೋಪಿಕ್ 2024ರ ನವೆಂಬರ್‌ನಲ್ಲಿ ಪ್ರಕಟಿಸಿದ ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೊಕಾಲ್ (ಎಂಸಿಪಿ, ಎಐ ಅನ್ನು ಹೊರಗಿನ ಟೂಲ್‌ಗಳಿಗೆ ಜೋಡಿಸುವ ಮಾನಕ) ಇರಲಿ, ಎರಡೂ ನಡೆಯುವುದು ಈ ಮೂರರ ಮೇಲೆಯೇ. ಹಾಗಾಗಿ ಇಲ್ಲಿ ಬರೆಯುವ ನಾಲ್ಕು ಸಾಲಿನ ವಿವರಣೆಯೂ ಟೂಲ್‌ನ ಒಂದು ಭಾಗವೇ.

ಮೊದಲು ಹೆಸರು

'ಡೇಟಾ_ಹ್ಯಾಂಡ್ಲರ್' ಅಂದರೆ ಏನೂ ತಿಳಿಯುವುದಿಲ್ಲ. 'ಸರ್ಚ್_ಆರ್ಡರ್ಸ್' ಅಂದರೆ ತಿಳಿಯುತ್ತದೆ. ಕೆಲಸ ಮತ್ತು ವಸ್ತು, ಎರಡೂ ಹೆಸರಿನಲ್ಲಿರಲಿ.

ಯಾವಾಗ ಬಳಸಬಾರದು ಅಂತಲೂ ಹೇಳಿ

ಎಷ್ಟೋ ವಿವರಣೆಗಳು ಹೆಸರನ್ನೇ ಇನ್ನೊಮ್ಮೆ ಹೇಳಿ ಸುಮ್ಮನಾಗುತ್ತವೆ. 'ಕ್ಯಾನ್ಸಲ್_ಆರ್ಡರ್' ಎಂಬ ಟೂಲ್‌ಗೆ 'ಆರ್ಡರ್ ಕ್ಯಾನ್ಸಲ್ ಮಾಡುತ್ತದೆ' ಎಂದು ಬರೆದರೆ ಏನು ಪ್ರಯೋಜನ? ಅದರ ಬದಲು ಹೀಗೆ ಬರೆದು ನೋಡಿ:

'ಇನ್ನೂ ಪ್ಯಾಕ್ ಆಗದ ಆರ್ಡರ್ ಅನ್ನು ಪೂರ್ತಿ ರದ್ದು ಮಾಡುತ್ತದೆ. ಒಂದೇ ವಸ್ತುವನ್ನು ತೆಗೆಯಬೇಕಿದ್ದರೆ ಇದನ್ನು ಬಳಸಬೇಡಿ, ರಿಮೂವ್_ಐಟಂ ಬಳಸಿ. ರದ್ದಾದ ಆರ್ಡರ್ ಮತ್ತೆ ವಾಪಸ್ ಬರುವುದಿಲ್ಲ. ಈ ಟೂಲ್ ಹಣ ಹಿಂತಿರುಗಿಸುವುದಿಲ್ಲ.'

ನನ್ನ ಪ್ರಕಾರ ಇದರಲ್ಲಿ ಜಾಸ್ತಿ ಉಪಯೋಗಕ್ಕೆ ಬರುವುದು ಎರಡನೇ ವಾಕ್ಯ. ಒಂದನ್ನೊಂದು ಹೋಲುವ ಎರಡು ಟೂಲ್‌ಗಳಿದ್ದಾಗ ಏಜೆಂಟ್ ಸುಲಭವಾಗಿ ದಾರಿ ತಪ್ಪುತ್ತದೆ. ಹಾಗಂತ ಪುಟಗಟ್ಟಲೆ ಬರೆಯಬೇಡಿ. ಪ್ರತಿ ಟೂಲ್‌ನ ವಿವರಣೆಯೂ ಮಾಡೆಲ್‌ನ ಕಾಂಟೆಕ್ಸ್ಟ್‌ನಲ್ಲಿ, ಅಂದರೆ ಅದು ಒಮ್ಮೆಗೆ ಓದಬಲ್ಲ ಪಠ್ಯದ ಮಿತಿಯಲ್ಲಿ, ಜಾಗ ತಿನ್ನುತ್ತದೆ.

ಪ್ಯಾರಾಮೀಟರ್‌ನಲ್ಲಿ ಊಹೆಗೆ ಜಾಗ ಬಿಡಬೇಡಿ

ಇದನ್ನು ನಾನು ಒಂದು ತಪ್ಪಿನಿಂದ ಕಲಿತೆ. ಆರ್ಡರ್ ಹುಡುಕುವ ನನ್ನ ಟೂಲ್‌ನಲ್ಲಿ 'ಡೇಟ್' ಎಂಬ ಪ್ಯಾರಾಮೀಟರ್ ಇತ್ತು. ವಿವರಣೆಯಲ್ಲಿ 'ದಿನಾಂಕ' ಎಂಬ ಒಂದೇ ಪದ. ಏಪ್ರಿಲ್ 3ರ ಆರ್ಡರ್‌ಗಳನ್ನು ಕೇಳಿದಾಗ ಏಜೆಂಟ್ ತಿಂಗಳನ್ನು ಮೊದಲಿಟ್ಟು 04/03/2025 ಎಂದು ಕಳಿಸಿತು. ಟೂಲ್ ಅದನ್ನು ಮಾರ್ಚ್ 4 ಎಂದು ಓದಿಕೊಂಡಿತು. ಆ ದಿನ ಆರ್ಡರ್ ಇರಲಿಲ್ಲ, ಖಾಲಿ ಪಟ್ಟಿ ವಾಪಸ್ ಹೋಯಿತು. ಏಪ್ರಿಲ್ 3ರಂದು ಯಾವ ಆರ್ಡರೂ ಬಂದಿಲ್ಲ ಎಂದು ಏಜೆಂಟ್ ಖಡಾಖಂಡಿತವಾಗಿ ಹೇಳಿಬಿಟ್ಟಿತು. ಎಲ್ಲೂ ಎರರ್ ಬರಲಿಲ್ಲ. ಹಾಗಾಗಿ ಯಾರಿಗೂ ಅನುಮಾನವೂ ಬರಲಿಲ್ಲ.

ಸರಿಪಡಿಸಲು ಬೇಕಾದದ್ದು ಒಂದು ಸಾಲು: 'ವರ್ಷ-ತಿಂಗಳು-ದಿನ ಕ್ರಮದಲ್ಲಿ ಕೊಡಿ, ಉದಾಹರಣೆಗೆ 2025-04-03.' ಇದು ಐಎಸ್‌ಒ 8601 ಎಂಬ ಅಂತರರಾಷ್ಟ್ರೀಯ ಮಾನಕದ ಕ್ರಮ. ಬೇರೆ ರೂಪದಲ್ಲಿ ಬಂದದ್ದನ್ನು ಟೂಲ್ ಒಪ್ಪಿಕೊಳ್ಳದ ಹಾಗೂ ಮಾಡಿದೆ. ಜೊತೆಗೆ ಉತ್ತರದಲ್ಲೇ '2025-04-03ರಲ್ಲಿ ಹುಡುಕಿದೆ, 0 ಆರ್ಡರ್ ಸಿಕ್ಕಿತು' ಎಂದು ಬರುವಂತೆ ಮಾಡಿದೆ. ಖಾಲಿ ಪಟ್ಟಿ ಕಳಿಸುವಾಗ ಎಲ್ಲಿ ಹುಡುಕಿದಿರಿ ಎಂದು ಹೇಳಲೇಬೇಕು.

ಅಳತೆಗಳದ್ದೂ ಇದೇ ಕಥೆ. 'ಟೈಮ್‌ಔಟ್: 30' ಅಂದರೆ ಸೆಕೆಂಡೋ ಮಿಲಿಸೆಕೆಂಡೋ? 'ಟೈಮ್‌ಔಟ್_ಸೆಕೆಂಡ್ಸ್' ಎಂದು ಹೆಸರಿಟ್ಟರೆ ಪ್ರಶ್ನೆಯೇ ಏಳುವುದಿಲ್ಲ, ಅಲ್ವಾ? ಕೆಲವೇ ಮೌಲ್ಯಗಳು ಸಾಧ್ಯವಿರುವ ಕಡೆ ಜೇಸನ್ ಸ್ಕೀಮಾದ (ಪ್ಯಾರಾಮೀಟರ್‌ಗಳ ರೂಪ ಬರೆದಿಡುವ ವಿಧಾನ) ಇನಮ್ (ಒಪ್ಪುವ ಮೌಲ್ಯಗಳ ಪಟ್ಟಿ) ಬಳಸಿ, ಅಷ್ಟನ್ನೂ ಪಟ್ಟಿ ಮಾಡಿ.

ಎರರ್ ಸಂದೇಶವೂ ಡಾಕ್ಯುಮೆಂಟೇಶನ್ನೇ

ಹೆಚ್ಚಿನವರು ಕೈಬಿಡುವುದು ಇದನ್ನೇ. ಏಜೆಂಟ್ ಮುಂದಿನ ಹೆಜ್ಜೆ ಇಡುವುದು ಎರರ್ ಓದಿಕೊಂಡು. 'ಇನ್‌ವ್ಯಾಲಿಡ್ ಇನ್‌ಪುಟ್' ಎಂದು ಸುಮ್ನೆ ಹೇಳಿದರೆ ಅದು ಅದೇ ತಪ್ಪನ್ನು ಸ್ವಲ್ಪ ಬದಲಿಸಿ ಮತ್ತೆ ಕಳಿಸುತ್ತದೆ. 'ಆರ್ಡರ್ ಐಡಿಯಲ್ಲಿ 8 ಅಂಕಿ ಇರಬೇಕು, 6 ಬಂದಿದೆ. ಐಡಿ ಗೊತ್ತಿಲ್ಲದಿದ್ದರೆ ಸರ್ಚ್_ಆರ್ಡರ್ಸ್ ಬಳಸಿ' ಎಂದರೆ ತಾನೇ ಸರಿಮಾಡಿಕೊಳ್ಳುತ್ತದೆ.

ಮತ್ತೆ ಪ್ರಯತ್ನಿಸಿದರೆ ಏನಾಗುತ್ತದೆ ಎನ್ನುವುದೂ ಬೇಕು. ನೆಟ್‌ವರ್ಕ್ ಕೈಕೊಟ್ಟಾಗ ಏಜೆಂಟ್ ಅದೇ ಕರೆಯನ್ನು ಇನ್ನೊಮ್ಮೆ ಮಾಡಬಹುದು. ಆಗ ಎರಡು ಆರ್ಡರ್ ಆಗುತ್ತವೆಯೋ ಒಂದೇ ಉಳಿಯುತ್ತದೆಯೋ ಬರೆದಿಡಿ. ಅಳಿಸುವ ಟೂಲ್, ಬರೀ ಓದುವ ಟೂಲ್ ಯಾವುದೆಂದು ಗುರುತು ಹಾಕಲು ಎಂಸಿಪಿಯಲ್ಲಿ ಸೌಲಭ್ಯ ಇದೆ. ಆದರೆ ಅದು ಬರೀ ಸೂಚನೆ. ನಿಜವಾದ ತಡೆ ನಿಮ್ಮ ಸರ್ವರ್‌ನಲ್ಲೇ ಇರಬೇಕು.

ಕೊನೆಗೆ, ಪರೀಕ್ಷೆ

ಹೊಸ ಸೆಷನ್ ತೆರೆಯಿರಿ. ಟೂಲ್‌ಗಳನ್ನು ಬಿಟ್ಟು ಬೇರೇನೂ ಕೊಡಬೇಡಿ. ಬಳಕೆದಾರರು ನಿಜವಾಗಿ ಕೇಳುವಂಥ ಹತ್ತು ಕೆಲಸ ಹೇಳಿ. 'ನಿನ್ನೆಯ ಆರ್ಡರ್‌ನಲ್ಲಿ ಒಂದು ವಸ್ತು ಬೇಡ' ಎನ್ನುವಂಥ ಗೊಂದಲದ್ದೂ ಇರಲಿ. ಆಮೇಲೆ ಲಾಗ್ ಓದಿ. ಯಾವ ಟೂಲ್ ಆರಿಸಿತು, ಏನು ಕಳಿಸಿತು, ಎಲ್ಲಿ ಎರಡು ಸಲ ಪ್ರಯತ್ನಿಸಿತು ನೋಡಿ. ಎಡವಿದ ಕಡೆ ಏಜೆಂಟ್‌ಗೆ ಹೆಚ್ಚುವರಿ ಸೂಚನೆ ಕೊಡಲು ಹೋಗಬೇಡಿ, ಟೂಲ್‌ನ ವಿವರಣೆಯನ್ನೇ ತಿದ್ದಿ. ತಿದ್ದಿದ ಮೇಲೆ ಹತ್ತೂ ಕೆಲಸಗಳನ್ನು ಮತ್ತೆ ಓಡಿಸಿ. ಒಂದು ಟೂಲ್‌ನ ಮಾತು ಬದಲಾದಾಗ ಪಕ್ಕದ ಟೂಲ್‌ನ ಆಯ್ಕೆಯೂ ಬದಲಾಗುವುದುಂಟು.