ಬರಿಗಾಲ ಓಟಕ್ಕೆ ಕಾಲು ಒಗ್ಗಿಸಿಕೊಂಡ ಬಗೆ

ಮೈಸೂರಿನ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಬರಿಗಾಲಲ್ಲಿ ಓಡಿದರೆ ಜನ ಎರಡು ಪ್ರಶ್ನೆ ಕೇಳುತ್ತಾರೆ. ಒಂದು, 'ಹರಕೆನಾ ಸಾರ್?' ಇನ್ನೊಂದು, 'ಚುಚ್ಚಲ್ವಾ?' ಡಿಸೆಂಬರಿನಲ್ಲಿ ಕಪ್ಪು ಟೀ ಶರ್ಟ್ ಹಾಕಿದ್ದರೆ ಪ್ರಶ್ನೆಯೂ ಇಲ್ಲ, ನೇರ 'ಸ್ವಾಮಿ ಶರಣಂ' ಅಂತ ಕೈ ಮುಗಿಯುತ್ತಾರೆ. ನಾನೂ ಮುಗಿದು ಮುಂದೆ ಹೋಗುತ್ತೇನೆ. ಏದುಸಿರು ಬಿಡುತ್ತಾ ಎಷ್ಟು ಅಂತ ವಿವರಿಸುವುದು?

ಚುಚ್ಚುವುದು ಹೌದು. ಆದರೆ ಅದು ದೊಡ್ಡ ತೊಂದರೆಯಲ್ಲ. ಅಂಗಾಲಿನ ಚರ್ಮ ಬೇಗ ಒಗ್ಗುತ್ತದೆ, ಕೆಲವು ವಾರಗಳಲ್ಲೇ ಗಟ್ಟಿಯಾಗುತ್ತದೆ. ತಡ ಮಾಡುವುದು ಮೀನಖಂಡ, ಹಿಮ್ಮಡಿ ಹಿಂದಿನ ದಪ್ಪ ಸ್ನಾಯುರಜ್ಜು (ಟೆಂಡನ್), ಪಾದದೊಳಗಿನ ಸಣ್ಣ ಮೂಳೆಗಳು. ಒಂದೊಂದು ಪಾದದಲ್ಲಿ 26 ಮೂಳೆ ಇವೆ. ಚರ್ಮ ಗಟ್ಟಿಯಾಯಿತು ಎಂಬ ಧೈರ್ಯದಲ್ಲಿ ದೂರ ಜಾಸ್ತಿ ಮಾಡಿದರೆ ಒಳಗಿನ ಮೂಳೆ ಸೀಳು ಬಿಡಬಹುದು. 2013ರಲ್ಲಿ ಅಮೆರಿಕದ ಸಂಶೋಧಕರು ಇದನ್ನು ಎಂಆರ್‌ಐ ತೆಗೆದು ನೋಡಿದರು. ಮಾಮೂಲಿ ಶೂ ಬಿಟ್ಟು, ಬೆರಳು ಬೆರಳಿಗೂ ಗೂಡಿರುವ ತೆಳು ಶೂಗೆ 10 ವಾರದಲ್ಲಿ ಬದಲಾದ 19 ಓಟಗಾರರಲ್ಲಿ 10 ಜನರ ಪಾದದ ಮೂಳೆಯೊಳಗೆ ಊತ ಹೆಚ್ಚಿತ್ತು. ನಾನು ಶುರು ಮಾಡಿದ್ದೇ ಇದನ್ನು ಓದಿದ ಮೇಲೆ. ಹಾಗಾಗಿ ಅವಸರ ಮಾಡಲಿಲ್ಲ.

ಮೊದಲು ನಡಿಗೆ ಮಾತ್ರ. ಮನೆ, ತಾರಸಿ, ಬೀದಿ ಕೊನೆಯ ಹಾಲಿನ ಅಂಗಡಿವರೆಗೆ. ನಡೆದು ಬಂದ ಮಾರನೇ ದಿನ ಮೀನಖಂಡ ಹಿಡಿದುಕೊಳ್ಳದಿದ್ದರೆ ಸ್ವಲ್ಪ ಓಟ. ಓಟದ ಮರುದಿನ ಬರಿಗಾಲಿಗೆ ರಜಾ. ಬರಿಗಾಲಿನ ಭಾಗವನ್ನು ಓಟದ ಶುರುವಿನಲ್ಲೇ ಇಟ್ಟುಕೊಂಡೆ. ದಣಿದ ಕಾಲು ಸರಿಯಾಗಿ ಊರುವುದಿಲ್ಲ. ಶೂಗಳನ್ನು ಲೇಸಿನಿಂದ ಕಟ್ಟಿ ಕೈಯಲ್ಲೇ ಹಿಡಿದಿರುತ್ತಿದ್ದೆ. ಸಾಕು ಅನ್ನಿಸಿದಾಗ ಹಾಕಿಕೊಂಡು ಉಳಿದ ದೂರ ಮುಗಿಸುವುದು.

ಎಲ್ಲಿ ಓಡಬೇಕು ಅನ್ನುವುದರಲ್ಲಿ ನನ್ನದು ಬೇರೆಯವರಿಗಿಂತ ಸ್ವಲ್ಪ ಬೇರೆ ಅಭಿಪ್ರಾಯ. 'ಹುಲ್ಲಿನ ಮೇಲೆ ಶುರು ಮಾಡಿ' ಎಂದು ಎಲ್ಲರೂ ಹೇಳುತ್ತಾರೆ. ಹುಲ್ಲಿನೊಳಗೆ ನೆಗ್ಗಿಲು ಮುಳ್ಳು, ಗಾಜಿನ ಚೂರು ಏನಿದೆ ಎಂದು ಕಾಣುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಮೆತ್ತನೆ ನೆಲದಲ್ಲಿ ಹೇಗೆ ಕಾಲು ಕುಕ್ಕಿದರೂ ನಡೆದುಹೋಗುತ್ತದೆ. ಗಟ್ಟಿ, ನುಣುಪು ಟಾರು ರಸ್ತೆಯಲ್ಲಿ ಅದು ನಡೆಯುವುದಿಲ್ಲ. ನಾನು ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿ ಒಳಗಿನ ರಸ್ತೆಗಳಲ್ಲಿ, ಬಿಸಿಲು ಏರುವ ಮೊದಲು ಕಲಿತೆ. ಓವಲ್ ಮೈದಾನಕ್ಕೆ ಹೋಗಿದ್ದು ಆಮೇಲೆ.

ಕಾಲು ಊರುವ ಬಗೆಗೆ ಬರೋಣ. ಶೂನ ಹಿಮ್ಮಡಿಯಲ್ಲಿ ದಪ್ಪ ಫೋಮ್ ಇರುವುದರಿಂದ ಕಾಲನ್ನು ಮುಂದಕ್ಕೆ ಚಾಚಿ ಹಿಮ್ಮಡಿ ಊರಿದರೂ ನೋವಾಗುವುದಿಲ್ಲ. ಬರಿಗಾಲಲ್ಲಿ ಟಾರಿನ ಮೇಲೆ ಹಾಗೆ ಮಾಡಿ ನೋಡಿ, ಏಟು ಮಂಡಿವರೆಗೂ ಗೊತ್ತಾಗುತ್ತದೆ. ಹಾರ್ವರ್ಡ್‌ನ ಡೇನಿಯಲ್ ಲೀಬರ್ಮನ್ ತಂಡ 2010ರಲ್ಲಿ ಪ್ರಕಟಿಸಿದ್ದು ಇದನ್ನೇ. ಕೀನ್ಯಾದಲ್ಲಿ ಬರಿಗಾಲಲ್ಲೇ ಓಡಿ ಬೆಳೆದವರು ಹೆಚ್ಚಾಗಿ ಮುಂಗಾಲು ಊರುತ್ತಾರೆ, ನೆಲ ತಾಗಿದಾಗಿನ ಆ ಮೊದಲ ಏಟು ಅವರಿಗೆ ಬೀಳುವುದಿಲ್ಲ. ಆದರೆ ಅದೇ ಕೀನ್ಯಾದಲ್ಲಿ ಬರಿಗಾಲಲ್ಲೇ ಬೆಳೆದ ದಾಸನಚ್ ಬುಡಕಟ್ಟಿನ ಜನರನ್ನು ಇನ್ನೊಂದು ತಂಡ ನೋಡಿದಾಗ, ನಿಧಾನ ಓಟದಲ್ಲಿ ಬಹುಪಾಲು ಜನ ಹಿಮ್ಮಡಿಯನ್ನೇ ಮೊದಲು ಊರುತ್ತಿದ್ದರು. ಆದ್ದರಿಂದ 'ಮುಂಗಾಲೇ ಸರಿ' ಎಂದು ನಾನು ವಾದ ಮಾಡುವುದಿಲ್ಲ. ನಾನು ನೋಡುವುದು ಮೂರೇ: ಹೆಜ್ಜೆ ಚಿಕ್ಕದಾ, ಕಾಲು ಸೊಂಟದ ನೇರಕ್ಕೆ ಕೆಳಗೇ ಬೀಳುತ್ತಿದೆಯಾ, ಮಂಡಿ ಸ್ವಲ್ಪ ಬಾಗಿದೆಯಾ. ಮುಂಗಾಲು ತಾಗಿದ ಮೇಲೆ ಹಿಮ್ಮಡಿಯೂ ನೆಲ ಮುಟ್ಟಬೇಕು. ತುದಿಗಾಲಲ್ಲೇ ಓಡಿದರೆ ಮೀನಖಂಡ ಕಲ್ಲಾಗುತ್ತದೆ.

ಇದಕ್ಕೆ ಕೋಚ್ ಬೇಡ, ಕಿವಿ ಸಾಕು. ಟಪ್ ಟಪ್ ಸದ್ದು ಬಂದರೆ ಕಾಲು ಕುಕ್ಕುತ್ತಿದ್ದೀರಿ ಎಂದರ್ಥ. ಬೊಕ್ಕೆ ಎದ್ದರೆ ಚರ್ಮ ಜಾರಿ ಉಜ್ಜುತ್ತಿದೆ ಎಂದು. ಬೆರಳ ಬುಡದಲ್ಲಿ ಎದ್ದರೆ ನೆಲವನ್ನು ಹಿಂದಕ್ಕೆ ತಳ್ಳುವುದು ಜಾಸ್ತಿಯಾಗಿದೆ. ಆಗ ತಳ್ಳುವುದು ಬಿಟ್ಟು ಕಾಲು ಎತ್ತುವುದರ ಕಡೆ ಗಮನ ಕೊಡುತ್ತೇನೆ.

ಮೀನಖಂಡ ಗಟ್ಟಿ ಮಾಡಿಕೊಳ್ಳಲು ಮೈಸೂರಿನವರಿಗೆ ಜಿಮ್ ಬೇಕಿಲ್ಲ, ಚಾಮುಂಡಿ ಬೆಟ್ಟವಿದೆ. 17ನೇ ಶತಮಾನದಲ್ಲಿ ದೊಡ್ಡ ದೇವರಾಜ ಒಡೆಯರ್ ಕಟ್ಟಿಸಿದ ಮೆಟ್ಟಿಲುಗಳು, ಸಾವಿರಕ್ಕೂ ಮೇಲಿವೆ. ಅಲ್ಲಿ ಬರಿಗಾಲಿಗೆ ಯಾರೂ ಪ್ರಶ್ನೆ ಕೇಳುವುದಿಲ್ಲ, ಅದೊಂದು ಸುಖ. ಮುಂಗಾಲನ್ನು ಮೆಟ್ಟಿಲ ಅಂಚಿಗೆ ಇಟ್ಟು ಹಿಮ್ಮಡಿಯನ್ನು ನಿಧಾನ ಕೆಳಗಿಳಿಸಿ ಮೇಲೆತ್ತುವುದು, ನಂದಿ ಹತ್ತಿರ ನಿಂತು ಇಷ್ಟು ಮಾಡುತ್ತೇನೆ. ಹರಕೆಯವರು ಮೆಟ್ಟಿಲಿಗೆ ಅರಿಶಿನ ಕುಂಕುಮ ಹಚ್ಚಿರುತ್ತಾರೆ, ಅದನ್ನು ತುಳಿಯದಂತೆ ಪಕ್ಕದಲ್ಲಿ ಹತ್ತುವುದು. ಆಷಾಢ ಶುಕ್ರವಾರ ಮಾತ್ರ ಅತ್ತ ಸುಳಿಯುವುದಿಲ್ಲ.

ಊರು ಮಂಡ್ಯದ ಕಡೆ. ಹೋದಾಗ ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ಏರಿ ಮೇಲೆ ಓಡುತ್ತೇನೆ. ನಮ್ಮ ದೊಡ್ಡಪ್ಪ ಜೀವನವಿಡೀ ಗದ್ದೆ ಬದುವಿನ ಮೇಲೆ ಬರಿಗಾಲಲ್ಲಿ ಓಡಾಡಿದವರು. ಅವರ ಕಾಲ್ಬೆರಳು ಬೀಸಣಿಗೆ ಹಾಗೆ ಅಗಲಿಸಿಕೊಂಡಿವೆ. ನನ್ನವು ಶೂನೊಳಗೆ ಒತ್ತಿಕೊಂಡು ಬೆಳೆದವು. 'ನಾವು ಚಪ್ಪಲಿ ಹಾಕೋಕೆ ಒದ್ದಾಡುದ್ವಿ, ನೀನು ಬಿಚ್ಚೋಕೆ ಒದ್ದಾಡ್ತಾ ಇದೀಯಲ್ಲೋ' ಅಂತ ನಗುತ್ತಾರೆ. ಆದರೂ ಕಬ್ಬು ಕಡಿಯುವ ಕಾಲದಲ್ಲಿ ಅಲ್ಲಿ ಶೂ ಹಾಕಿಯೇ ಓಡುತ್ತೇನೆ. ಒಣಗಿದ ಕಬ್ಬಿನ ಗರಿ ಚರ್ಮ ಸೀಳುತ್ತದೆ, ಸೇತುವೆ ಹತ್ತಿರ ಒಡೆದ ಬಾಟಲಿಗಳು ಬೇರೆ.

ಶೂ ಹಾಕಿದರೆ ವ್ರತ ಕೆಟ್ಟಂತೆ ಮಾತಾಡುವವರು ಇದ್ದಾರೆ. ಅವರಿಗೆ ಇಥಿಯೋಪಿಯಾದ ಅಬೆಬೆ ಬಿಕಿಲ ಎಂದರೆ ದೇವರು. 1960ರ ರೋಮ್ ಒಲಿಂಪಿಕ್ಸ್ ಮ್ಯಾರಥಾನನ್ನು ಆತ ಬರಿಗಾಲಲ್ಲಿ ಗೆದ್ದ, ನಿಜ. 1964ರಲ್ಲಿ ಟೋಕಿಯೊದಲ್ಲಿ ಶೂ ಹಾಕಿ ಮತ್ತೆ ಗೆದ್ದ, ಅದೂ ಇನ್ನೂ ವೇಗವಾಗಿ. ನನ್ನ ದೂರದ ಓಟಗಳೆಲ್ಲ ಈಗಲೂ ಶೂನಲ್ಲೇ. ಬರಿಗಾಲು ಚಿಕ್ಕ ಓಟಕ್ಕೆ.

ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದಂತಿರುವವರು ಇದಕ್ಕೆ ಕೈ ಹಾಕಲೇಬೇಡಿ. ಗಾಯವಾದದ್ದೇ ಗೊತ್ತಾಗುವುದಿಲ್ಲ. ಉಳಿದವರು ಟಿಟಿ ಚುಚ್ಚುಮದ್ದು ಹಾಕಿಸಿಕೊಂಡು ಹತ್ತು ವರ್ಷ ದಾಟಿದೆಯಾ ನೋಡಿಕೊಳ್ಳಿ. ಓಟ ಮುಗಿದ ಮೇಲೆ ಕಾಲು ತೊಳೆದು, ಬೆರಳ ಸಂದಿ ಒರೆಸಿ, ಪಾದದ ಮೇಲ್ಭಾಗದ ಮೂಳೆಗಳನ್ನು ಒಂದೊಂದಾಗಿ ಒತ್ತಿ ನೋಡಿ. ಒಂದೇ ಜಾಗದಲ್ಲಿ ಚುಳುಕ್ ಎಂದರೆ ಓಟ ನಿಲ್ಲಿಸಿ, ಮೂಳೆ ಡಾಕ್ಟರಿಗೆ ತೋರಿಸಿ. ಹೊಸ ಸೀಳು ಮೊದಲ ವಾರಗಳ ಎಕ್ಸ್‌ರೇಯಲ್ಲಿ ಎಷ್ಟೋ ಸಲ ಕಾಣುವುದಿಲ್ಲ. ಎಕ್ಸ್‌ರೇ ಸರಿಯಿದೆ ಎಂದ ಮಾತ್ರಕ್ಕೆ ಮಾರನೇ ದಿನವೇ ಓಡಲು ಹೋಗಬೇಡಿ.