ಕ್ಯಾಂಪಿಂಗ್‌ಗೆ ಮಡಚುವ ಚಾಕು: ಮೊದಲು ಲಾಕ್ ನೋಡಿ

ಚಾಕು ಕೊಳ್ಳುವಾಗ ಎಲ್ಲರ ಕಣ್ಣು ಮೊದಲು ಹೋಗುವುದು ಅಲಗಿನ ಮೇಲೆ. ನಾನು ಮೊದಲು ನೋಡುವುದು ಲಾಕ್. ಕೆಲಸದ ನಡುವೆ ಅಲಗು ಮಡಚಿಕೊಂಡರೆ ಅದು ನೇರ ಬೆರಳಿಗೇ ಬರುತ್ತದೆ, ಅಲ್ವಾ?

ಸ್ವಿಸ್ ಆರ್ಮಿ ಚಾಕುವಿನ ಚಿಕ್ಕ ಮಾದರಿಗಳಲ್ಲಿ ಸಾಮಾನ್ಯವಾಗಿ ಲಾಕ್ ಇರುವುದಿಲ್ಲ. ಅಲಗನ್ನು ಹಿಡಿದಿಡುವುದು ಸ್ಪ್ರಿಂಗ್ ಮಾತ್ರ. ಹಣ್ಣು ಹೆಚ್ಚಲು, ಹಗ್ಗ ಕತ್ತರಿಸಲು ಅಷ್ಟು ಸಾಕು. ಕೆಲವು ಮಾದರಿಗಳಲ್ಲಿ ಜೊತೆಗೆ ಡಬ್ಬಿ ತೆರೆಯುವ ಸಾಧನವೂ ಸಿಗುತ್ತದೆ. ಆದರೆ ತುದಿಯಿಂದ ಚುಚ್ಚಿ ತೂತು ಮಾಡುವಾಗ ಅಲಗು ಹಿಂದಕ್ಕೆ ಮಡಚಿಕೊಳ್ಳಬಹುದು. ಅಂಥ ಕೆಲಸಕ್ಕೆ ಲಾಕ್ ಬೇಕೇ ಬೇಕು. ನನಗೆ ತುಂಬಾ ಹಿಡಿಸಿದ್ದು ಒಪಿನೆಲ್‌ನ ಉಪಾಯ. ಫ್ರಾನ್ಸಿನ ಈ ಚಾಕು 1890ರಿಂದ ಇದೆ, 1955ರಲ್ಲಿ ಅದಕ್ಕೆ ತಿರುಗುವ ಉಂಗುರ ಬಂತು. ಉಂಗುರ ತಿರುಗಿಸಿದರೆ ಅಲಗು ಬಿಗಿ. ಲಾಕ್ ಬಿತ್ತೋ ಇಲ್ಲವೋ ಕಣ್ಣಿಗೇ ಕಾಣುತ್ತದೆ.

ಲೈನರ್ ಲಾಕ್ ಆದರೆ ಚೆನ್ನಾಗಿ ಪರೀಕ್ಷಿಸಿ. ಹಿಡಿಯೊಳಗಿನ ತೆಳು ತಗಡು ಸರಿದು ಬಂದು ಅಲಗಿನ ಬುಡಕ್ಕೆ ಒತ್ತಿ ನಿಲ್ಲಬೇಕು. ಅಂಚಿಗೆ ಸುಮ್ನೆ ತಾಗಿ ನಿಂತರೆ ಸಾಲದು. ಅಲಗು ಮಡಚುವ ದಾರಿಯಲ್ಲಿ ಬೆರಳು ಇಡದೆ ಹಿಡಿಯಿರಿ, ಅಲಗಿನ ಬೆನ್ನನ್ನು ಮೇಜಿನ ಅಂಚಿಗೆ ನಿಧಾನವಾಗಿ ಒತ್ತಿ. ಸ್ವಲ್ಪ ಜಾರಿದರೂ ಆ ಚಾಕು ಬೇಡ. ಅಲಗು ಅಕ್ಕಪಕ್ಕ ಅಲ್ಲಾಡಿದರೂ ಬೇಡ. ಇಂಥ ಲಾಕ್‌ಗಳು ಹೆಚ್ಚಾಗಿ ಬಲಗೈಯವರಿಗೆ ಮಾಡಿದವು. ಎಡಗೈ ಬಳಸುವ ನನ್ನ ತಂಗಿಗೆ ಹಿಡಿಯ ಬೆನ್ನಿನ ಮೇಲೆ ಒತ್ತುವ ಲಾಕ್ ಸರಿಹೋಯಿತು.

ಅಲಗು 7ರಿಂದ 9 ಸೆಂಟಿಮೀಟರ್ ಇದ್ದರೆ ಸಾಕು. ದಪ್ಪ ಜಾಸ್ತಿ ಆದಷ್ಟೂ ತರಕಾರಿ ಕತ್ತರಿಸುವ ಬದಲು ಸೀಳುತ್ತದೆ. ನನಗೆ 2 ಮಿಲಿಮೀಟರ್ ಆಸುಪಾಸಿನದ್ದೇ ಇಷ್ಟ. ಅರ್ಧ ಗರಗಸದ ಹಲ್ಲಿರುವ ಅಲಗು ಬೇಡ. ಹಲ್ಲು ಇರುವುದು ಹಿಡಿಯ ಹತ್ತಿರ. ಒಣಕಡ್ಡಿಯಿಂದ ತೆಳು ಸಿಪ್ಪೆ ಎಬ್ಬಿಸಿ ಬೆಂಕಿ ಹೊತ್ತಿಸಬೇಕು ಅಂದಾಗ ಕೈಗೆ ಬಲ ಸಿಗುವುದೂ ಅಲ್ಲೇ. ಹಲ್ಲು ಮರವನ್ನು ಕಚ್ಚುತ್ತದೆ, ಸಿಪ್ಪೆ ನುಣ್ಣಗೆ ಬರುವುದಿಲ್ಲ. ಸಾಣೆ ಹಿಡಿಯುವುದೂ ಕಷ್ಟ.

ಮಳೆ, ನೀರಿನ ಜಾಗವಾದರೆ ಸ್ಟೇನ್‌ಲೆಸ್ ಸ್ಟೀಲ್ ತಗೊಳ್ಳಿ. ಕಾರ್ಬನ್ ಸ್ಟೀಲ್ ಬೇಗ ಹರಿತವಾಗುತ್ತದೆ, ಆದರೆ ನಿಂಬೆಹಣ್ಣು ಕೊಯ್ದರೆ ಕಪ್ಪಾಗುತ್ತದೆ. ಒರೆಸದೆ ಬಿಟ್ಟರೆ ತುಕ್ಕು ಗ್ಯಾರಂಟಿ.

ಹಿಡಿಯನ್ನು ಒದ್ದೆ ಕೈಯಲ್ಲಿ ಹಿಡಿದು ನೋಡಿ. ನಾಲ್ಕೂ ಬೆರಳು ಕೂರಬೇಕು, ಜಾರಬಾರದು. ಮರದ ಹಿಡಿ ನೀರು ಕುಡಿದು ಉಬ್ಬಿದರೆ ಅಲಗು ತೆರೆಯಲು ಒದ್ದಾಡಬೇಕಾಗುತ್ತದೆ. ಬಣ್ಣ ಕೆಂಪೋ ಕಿತ್ತಳೆಯೋ ಇರಲಿ, ತರಗೆಲೆಗಳ ನಡುವೆ ಬಿದ್ದರೂ ಕಾಣುತ್ತದೆ.

ಎಂಥ ಒಳ್ಳೆ ಲಾಕ್ ಇದ್ದರೂ ಮಡಚುವ ಚಾಕುವಿನ ಬೆನ್ನಿಗೆ ಹೊಡೆದು ಸೌದೆ ಸೀಳಬೇಡಿ, ಕೀಲು ಸಡಿಲವಾಗುತ್ತದೆ.

ಹೊರಡುವ ಮೊದಲು ಹೋಗುವ ಊರಿನ ಕಾನೂನು ನೋಡಿಕೊಳ್ಳಿ. ಬ್ರಿಟನ್‌ನಲ್ಲಿ ಸರಿಯಾದ ಕಾರಣವಿಲ್ಲದೆ ಲಾಕ್ ಇರುವ ಚಾಕು ಇಟ್ಟುಕೊಂಡು ಓಡಾಡುವುದು ಅಪರಾಧ. ವಿಮಾನದಲ್ಲಾದರೆ ಚಾಕುವನ್ನು ಕೈಚೀಲದಲ್ಲಿ ಇಡಬೇಡಿ, ಚೆಕ್-ಇನ್ ಮಾಡುವ ಬ್ಯಾಗಿಗೆ ಹಾಕಿ.